ಕಡೆಯ ನುಡಿ: ಒಂದು ಲಾವಣಿ ಆಲ್ಬಮ್ಮಿನ ಪ್ರಕರಣ ಅಧ್ಯಯನ

ಬಾಗಲಕೋಟೆ ಸೀಮೆಯ ಒಬ್ಬ ಗೀಗೀ ಪದದ ಗಾಯಕಿ ಹಳೆಯ ಲಾವಣಿಗಳ ಜೊತೆಗೆ ತಾವೇ ಕಟ್ಟಿದ ಪದಗಳನ್ನೂ ಸೇರಿಸಿ ಒಂಬತ್ತು ಹಾಡುಗಳ ಆಲ್ಬಮ್ ಮಾಡಿದಾಗ, ಪಠ್ಯವನ್ನು ತಿದ್ದುವ ಮತ್ತು ದಾಖಲೆ ಪತ್ರಗಳನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲಿತ್ತು. ಆ ಕೆಲಸದಲ್ಲಿ ನಾವು ತೆಗೆದುಕೊಂಡ ನಿರ್ಧಾರಗಳಲ್ಲಿ ಕೆಲವು ಸರಿಯಾಗಿದ್ದವು, ಒಂದೆರಡು ತೀರ ತಪ್ಪಾಗಿದ್ದವು, ಮತ್ತು ಅವುಗಳಲ್ಲಿ ದೊಡ್ಡ ತಪ್ಪು ನನ್ನದೇ ಆಗಿತ್ತು. ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಗಾಯಕಿಯ, ಮೇಳದವರ ಮತ್ತು ಊರುಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಗೀಗೀ ಮೇಳ ಚಿಕ್ಕದು. ಮುಂದೆ ನಿಂತು ಹಾಡುವವರ ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ, ಹಿಮ್ಮೇಳದ ಇಬ್ಬರಲ್ಲಿ ಒಬ್ಬರ ಬಳಿ ತುಂತುಣಿ ಎಂಬ ಒಂಟಿತಂತಿಯ ವಾದ್ಯ, ಇನ್ನೊಬ್ಬರ ಬಳಿ ತಾಳ. ಜಾತ್ರೆಗಳಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳು ಎದುರುಬದುರಾಗಿ ನಿಂತು ಸವಾಲು ಜವಾಬಿನಲ್ಲಿ ರಾತ್ರಿಯಿಡೀ ಹಾಡುತ್ತವೆ. ಹರದೇಶಿಯವರು ಶಿವನ, ಅಂದರೆ ಗಂಡಿನ ಹಿರಿಮೆಯನ್ನು ಹಿಡಿದರೆ, ನಾಗೇಶಿಯವರು ಶಕ್ತಿಯ, ಅಂದರೆ ಹೆಣ್ಣಿನ ಹಿರಿಮೆಯನ್ನು ಹಿಡಿಯುತ್ತಾರೆ. ನಮ್ಮ ಗಾಯಕಿ ನಾಗೇಶಿ ಪಕ್ಷದವರು. ಹದಿನಾಲ್ಕನೆಯ ವಯಸ್ಸಿನಿಂದ ಒಬ್ಬ ಗುರುವಿನ ಕೈಕೆಳಗೆ ಹಾಡುತ್ತ ಬಂದವರು, ಈಗ ಐವತ್ತನ್ನು ದಾಟಿದ್ದಾರೆ. ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೆ ಬಾಯಲ್ಲಿ ಎಷ್ಟು ಪದಗಳಿವೆಯೆಂದು ನಾವು ಎಣಿಸಲು ಹೋಗಿ ಎಂಬತ್ತಕ್ಕೆ ನಿಲ್ಲಿಸಿದೆವು.

ಆಲ್ಬಮ್ಮಿಗೆ ಐದು ಹಳೆಯ ಪದಗಳನ್ನು ಆರಿಸಿದೆವು. 1857ರಲ್ಲಿ ಇಂಗ್ಲಿಷರು ಹತಾರ ಒಪ್ಪಿಸಲು ಹೇಳಿದಾಗ ಮುಧೋಳ ಬಳಿಯ ಹಲಗಲಿಯ ಬೇಡರು ಎದ್ದುನಿಂತದ್ದನ್ನು ಹೇಳುವ ಲಾವಣಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ, ನಾಗೇಶಿ ಪಕ್ಷದ ಒಂದು ವಾದದ ಪದ, ಗಾಯಕಿ ತಾಯಿಯಿಂದ ಕಲಿತ ‘ಕೆರೆಗೆ ಹಾರ’ದ ಕಥನಗೀತೆ, ಮತ್ತು 1876–78ರ ಬರಗಾಲದಲ್ಲಿ ಸೊಸೆಯೊಬ್ಬಳು ತವರಿನಿಂದ ಜೋಳ ತರಲು ಹೊರಡುವ ಕಥೆಯ ಒಂದು ಲಾವಣಿ. ಕೊನೆಯದನ್ನು ಇನ್ನು ಮುಂದೆ ಬರದ ಪದ ಎಂದು ಕರೆಯುತ್ತೇನೆ. ಇವುಗಳ ಜೊತೆಗೆ ಗಾಯಕಿಯ ಸ್ವಂತ ಪದಗಳು ನಾಲ್ಕು: ಒಂದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಅವರ ತವರೂರಿನ ಬಗ್ಗೆ, ಒಂದು ಕಬ್ಬು ಕಡಿಯುವ ಗ್ಯಾಂಗಿನ ಬಗ್ಗೆ, ಒಂದು ಶಾಲೆ ಬಿಡಿಸಿದ ಹುಡುಗಿಯ ಬಗ್ಗೆ, ಇನ್ನೊಂದು ತೀರಿಹೋದ ಗುರುವಿನ ನೆನಪಿಗೆ.

ತೊಡಕು

ಹಣ ಕೊಡಲು ಒಪ್ಪಿದ ಸಂಗೀತ ಸಂಸ್ಥೆಯೊಂದು ಮೂರು ಷರತ್ತುಗಳನ್ನು ಮುಂದಿಟ್ಟಿತ್ತು. ಯಾವ ಹಾಡೂ ಏಳು ನಿಮಿಷ ಮೀರಬಾರದು, ಹಳೆಯ ಪದಗಳೂ ಹೊಸ ಪದಗಳೂ ಬೇರೆ ಬೇರೆ ಗುಂಪಾಗಿರಬೇಕು, ಮತ್ತು ಪ್ರತಿ ಹಾಡಿನ ಮುಂದೆ ‘ಸಾಂಪ್ರದಾಯಿಕ’ ಅಥವಾ ‘ಸ್ವರಚಿತ’ ಎಂಬ ಎರಡು ಪದಗಳಲ್ಲಿ ಒಂದನ್ನು ನಮೂದಿಸಿ ಪಟ್ಟಿ ಕೊಡಬೇಕು. ಕೇಳಲು ಇವು ಸರಳವಾಗಿಯೇ ಇವೆ. ನನಗೂ ಆಗ ಹಾಗೆಯೇ ಅನ್ನಿಸಿತ್ತು.

ಜಾತ್ರೆಯ ಕಟ್ಟೆಯ ಮೇಲೆ ಒಂದು ಲಾವಣಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ನಡೆಯುತ್ತದೆ. ಪಲ್ಲ ಎಂಬ ಪಲ್ಲವಿ ಇದೆ, ನುಡಿಗಳೆಂಬ ಚರಣಗಳಿವೆ, ನಡುವೆ ಲಯ ಬಿಗಿಯಾಗುವ ಏರು ಮತ್ತು ಸಡಿಲಾಗುವ ಇಳುವು ಬರುತ್ತವೆ, ಗೀಯ ಗೀಯ ಎಂಬ ಹಿಮ್ಮೇಳದ ಎತ್ತುಗಡೆಗಳಿವೆ, ಕಥೆಯ ನಡುವೆ ಗಾಯಕಿ ನಿಂತು ಮಾತಿನಲ್ಲಿ ಬಿಡಿಸಿ ಹೇಳುವ ಭಾಗಗಳಿವೆ. ಇದನ್ನು ಏಳು ನಿಮಿಷಕ್ಕೆ ಇಳಿಸಲು ಎಲ್ಲಿಂದ ಕತ್ತರಿಸಬೇಕು ಎಂಬುದನ್ನು ಗುರುತು ಮಾಡುವ ಕೆಲಸ ನನಗೆ ಬಂತು. ಕಥೆಗೆ ಅಗತ್ಯವಿಲ್ಲದ ಭಾಗ ಯಾವುದೆಂದು ನೋಡುತ್ತ ಹೋದೆ. ಲಾವಣಿಯ ಕೊನೆಯ ನುಡಿಯಲ್ಲಿ ಕಥೆ ಇರುವುದಿಲ್ಲ; ಅಲ್ಲಿ ಒಂದು ಊರಿನ ಹೆಸರು, ಆ ಊರಿನ ದೇವರ ಹೆಸರು, ಗುರುವಿನ ಹೆಸರು, ಕಟ್ಟಿದವರ ಹೆಸರು ಬರುತ್ತವೆ. ಐದರಲ್ಲಿ ನಾಲ್ಕು ಹಳೆಯ ಪದಗಳ ಕೊನೆಯ ನುಡಿಯ ಮೇಲೆ ನಾನು ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಗಾಯಕಿ ಹಾಳೆಗಳನ್ನು ನೋಡಿ, “ನಿಮಗ ಹೆಂಗ ಬೇಕ ಹಂಗ ಮಾಡ್ರಿ ಸರ” ಎಂದರು. ಅದನ್ನು ಒಪ್ಪಿಗೆಯೆಂದು ತಿಳಿದುಕೊಂಡೆ. ಆ ಸೀಮೆಯಲ್ಲಿ ಅಂಥ ಮಾತು ಸಂಕೋಚದಿಂದಲೂ ಬರುತ್ತದೆಂಬುದು ನನಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ.

ಮೊದಲ ಧ್ವನಿಮುದ್ರಣ

ಮೊದಲ ಸುತ್ತಿನ ಧ್ವನಿಮುದ್ರಣ ಮಳೆಗಾಲದಲ್ಲಿ ನಗರದ ಒಂದು ಸ್ಟುಡಿಯೋದಲ್ಲಿ ನಡೆಯಿತು. ಗಾಯಕಿಯನ್ನು ಗಾಜಿನ ಕೋಣೆಯಲ್ಲಿ ಒಬ್ಬರನ್ನೇ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಎಂಬ ಕ್ಲಿಕ್ ಟ್ರ್ಯಾಕಿನ ಮೇಲೆ ಹಾಡಿಸಿದರು. ಹಿಮ್ಮೇಳವನ್ನು ಮರುದಿನ ಬೇರೆಯಾಗಿ ಮುದ್ರಿಸಿ, ಕೀಬೋರ್ಡಿನ ಸ್ವರಗಳನ್ನು ಅದರ ಕೆಳಗೆ ಹಾಸಿದರು.

ಎರಡೇ ದಿನಗಳಲ್ಲಿ ಇದು ಕೂಡದು ಎಂಬುದು ಗೊತ್ತಾಯಿತು. ಗೀಗೀ ಪದದ ಲಯ ಒಂದೇ ವೇಗದಲ್ಲಿ ನಿಲ್ಲುವುದಿಲ್ಲ. ನುಡಿ ಏರಿಗೆ ಹೊರಳಿದಾಗ ದಪ್ಪಿನ ಪೆಟ್ಟು ಬಿಗಿಯಾಗುತ್ತದೆ, ಇಳುವಿಗೆ ಬಂದಾಗ ಸಡಿಲಾಗುತ್ತದೆ, ಮತ್ತು ಆ ಬಿಗಿ ಸಡಿಲುಗಳನ್ನು ನಡೆಸುವುದು ಗಾಯಕಿಯ ಉಸಿರು. ಯಂತ್ರದ ಟಿಕ್ಕಿಗೆ ಕಟ್ಟಿಹಾಕಿದಾಗ ಹಲಗಲಿಯ ಲಾವಣಿ ಶಾಲೆಯ ಪ್ರಾರ್ಥನೆಯಂತೆ ಕೇಳಿಸತೊಡಗಿತು. ಕಥೆಯಲ್ಲಿ ದಂಡು ಊರಿಗೆ ನುಗ್ಗುತ್ತಿದೆ, ಹಾಡು ಮಾತ್ರ ಸಾಲಾಗಿ ನಿಂತಿದೆ.

ಇನ್ನೊಂದು ಸಮಸ್ಯೆ ದಪ್ಪಿನದು. ಮಳೆಗಾಲದ ತಂಪಿಗೆ ಚರ್ಮ ಸಡಿಲಾಗಿ ದನಿ ಮಂಕಾಗುತ್ತದೆ. ಕಟ್ಟೆಯ ಮೇಲಾದರೆ ಒಂದಿಷ್ಟು ರದ್ದಿ ಕಾಗದಕ್ಕೋ ಹುಲ್ಲಿಗೋ ಬೆಂಕಿ ಹಚ್ಚಿ ದಪ್ಪನ್ನು ಕಾಯಿಸಿಕೊಳ್ಳುತ್ತಾರೆ. ಸ್ಟುಡಿಯೋದವರು ಬೆಂಕಿಗೆ ಒಪ್ಪಲಿಲ್ಲ. ಕೊನೆಗೆ ಚಹಾ ಮಾಡುವ ಮೂಲೆಯಲ್ಲಿದ್ದ ಕರೆಂಟಿನ ಒಲೆಯ ಮೇಲೆ ಗಾಯಕಿಯೇ ದಪ್ಪನ್ನು ಒಂದು ಗೇಣು ಎತ್ತರದಲ್ಲಿ ಹಿಡಿದು, ರೊಟ್ಟಿ ತಿರುಗಿಸಿದಂತೆ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಹಾಗೆ ಕಾಯಿಸಿದ ದಪ್ಪು ಎರಡು ಹಾಡುಗಳ ಹೊತ್ತು ಚೆನ್ನಾಗಿ ನುಡಿಯುತ್ತಿತ್ತು, ಆಮೇಲೆ ಮತ್ತೆ ಒಲೆಯ ಬಳಿಗೆ. ಮುಂದೆ ಇಡೀ ವೇಳಾಪಟ್ಟಿಯನ್ನು ಈ ಎರಡು ಹಾಡುಗಳ ಲೆಕ್ಕದ ಮೇಲೆಯೇ ಮಾಡಿದೆವು, ಮತ್ತು ನಾವು ಮಾಡಿದ ಅತ್ಯಂತ ವಿವೇಕದ ವೇಳಾಪಟ್ಟಿ ಅದೇ ಆಗಿತ್ತು.

ಎರಡನೆಯ ಸುತ್ತಿಗೆ ಕ್ಲಿಕ್ಕನ್ನೂ ಕೀಬೋರ್ಡನ್ನೂ ತೆಗೆದುಹಾಕಿ, ಮೂವರನ್ನೂ ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರಿಸಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಗೇ ಮುದ್ರಿಸಿದೆವು. ದಪ್ಪಿನ ದನಿ ಗಾಯಕಿಯ ಮೈಕಿಗೆ ಹರಿದುಬರುತ್ತದೆಂದು ಸೌಂಡ್ ಇಂಜಿನಿಯರ್ ಗೊಣಗಿದರು. ಹರಿದುಬಂತು, ಹಾಗೆಯೇ ಬಿಟ್ಟೆವು.

ತುಂತುಣಿಯವರ ಮಾತು

ಈ ಪ್ರಕರಣ ತಿರುವು ಪಡೆದದ್ದು ಸ್ಟುಡಿಯೋದಲ್ಲಲ್ಲ, ಊರಿಗೆ ಹಿಂದಿರುಗುವ ಗಾಡಿಯಲ್ಲಿ. ಕಚ್ಚಾ ಪ್ರತಿಯನ್ನು ಗಾಡಿಯ ಸ್ಪೀಕರಿನಲ್ಲಿ ಹಾಕಿಕೊಂಡು ಬರುತ್ತಿದ್ದೆವು. ಬರದ ಪದ ಮುಗಿದಾಗ, ಹಿಂದಿನ ಸೀಟಿನಲ್ಲಿ ತುಂತುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹಿರಿಯರು, ಮೂರು ದಿನಗಳಲ್ಲಿ ಹತ್ತು ಮಾತೂ ಆಡದಿದ್ದವರು, ಹೀಗೆಂದರು: “ಕಡೀ ನುಡಿಯಾಗ ಕಟ್ಟಿದಾವ್ರ ಹೆಸರ ಐತ್ರಿ. ಅದನ್ನ ತಗದ್ರ ಯಾರ ಪದಾ ಹಾಡಿದ್ವಿ ಅಂತ ಯಾರಿಗಿ ಗೊತ್ತಾಗಬೇಕ್ರಿ?”

ಗಾಡಿಯನ್ನು ಒಂದು ಕಡೆ ನಿಲ್ಲಿಸಿ, ಬಿಟ್ಟುಹೋದ ನುಡಿಯನ್ನು ಹಾಡಲು ಗಾಯಕಿಯನ್ನು ಕೇಳಿಕೊಂಡೆ. ಅವರು ಹಾಡಿದರು. ಅದರಲ್ಲಿ ಅಲ್ಲಿಂದ ನಲವತ್ತು ಕಿಲೋಮೀಟರಿನೊಳಗಿನ ಒಂದು ಊರಿನ ಹೆಸರಿತ್ತು, ಆ ಊರಿನ ದೇವರ ಹೆಸರಿತ್ತು, ಒಬ್ಬ ಕವಿಯ ಹೆಸರೂ ಇತ್ತು. ನಾನು ಸಿದ್ಧಪಡಿಸಿದ್ದ ಪಟ್ಟಿಯಲ್ಲಿ ಇದೇ ಪದದ ಮುಂದೆ ‘ಸಾಂಪ್ರದಾಯಿಕ, ಕರ್ತೃ ಅಜ್ಞಾತ’ ಎಂದು ಬರೆದಿದ್ದೆ. ಕರ್ತೃವನ್ನು ಅಜ್ಞಾತಗೊಳಿಸಿದ್ದು ನನ್ನ ಪೆನ್ಸಿಲ್ಲು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಜನಪದ ಎಂದ ಕೂಡಲೇ ಕಟ್ಟಿದವರು ಯಾರೋ ತಿಳಿಯದು ಎಂಬ ಗ್ರಹಿಕೆ ನಮ್ಮಂಥ ಓದಿದವರಲ್ಲಿ ಗಟ್ಟಿಯಾಗಿ ಕೂತಿದೆ. ಬೀಸುವ ಪದಗಳಿಗೆ, ಕುಟ್ಟುವ ಪದಗಳಿಗೆ, ‘ಕೆರೆಗೆ ಹಾರ’ದಂಥ ಹೆಣ್ಣುಮಕ್ಕಳ ಕಥನಗೀತೆಗಳಿಗೆ ಅದು ನಿಜ, ಅವುಗಳಲ್ಲಿ ಕಟ್ಟಿದವರ ಗುರುತು ಹೇಳುವ ಅಂಕಿತವಿಲ್ಲ. ಲಾವಣಿಯ ಮನೆ ಬೇರೆ. ಅದು ಸ್ಪರ್ಧೆಯ ಕಟ್ಟೆಯ ಮೇಲೆ ಬೆಳೆದದ್ದು, ಆದ್ದರಿಂದ ಯಾರು ಕಟ್ಟಿದರು, ಯಾವ ಗುರುವಿನ ಶಿಷ್ಯರು, ಯಾವ ಊರಿನವರು ಎಂಬುದನ್ನು ಕೊನೆಯ ನುಡಿಯಲ್ಲಿ ಸಾರಿಯೇ ಕೂರುತ್ತಾರೆ. ಹಲಗಲಿ ಬೇಡರ ಲಾವಣಿಯನ್ನು ಕಟ್ಟಿದವನ ಬಗ್ಗೆ ವಿದ್ವಾಂಸರು ಏನನ್ನಾದರೂ ಊಹಿಸಲು ಸಾಧ್ಯವಾಗಿದ್ದರೆ ಅದು ಅದರಲ್ಲಿ ಬರುವ ಕುರ್ತಕೋಟಿಯ ದೇವರು ಕಲ್ಮೇಶನ ಹೆಸರಿನಿಂದ. ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸತೊಡಗಿದಾಗ ಇಂಥ ನುಡಿಗಳನ್ನು ಕಥೆಗೆ ಬೇಡವೆಂದು ಬಿಟ್ಟಿದ್ದರೆ ಇವತ್ತು ನಮಗೆ ಆ ಸುಳಿವೂ ಇರುತ್ತಿರಲಿಲ್ಲ. ಒಬ್ಬ ಇಂಗ್ಲಿಷ್ ಅಧಿಕಾರಿ ಉಳಿಸಿಕೊಂಡದ್ದನ್ನು ನಾನು ಏಳು ನಿಮಿಷದ ಸಲುವಾಗಿ ಅಳಿಸಲು ಹೊರಟಿದ್ದೆ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಬರದ ಪದದ ಕಥೆ 1876–78ರ ಬರದ ಕಾಲದ್ದು, ಆದ್ದರಿಂದ ಪದವೂ ಆ ಕಾಲದ್ದೇ ಎಂದು ನಾವೆಲ್ಲ ಎಣಿಸಿದ್ದೆವು. ಕಥೆಯ ವಯಸ್ಸನ್ನು ಹಾಡಿನ ವಯಸ್ಸೆಂದು ಓದಿಬಿಟ್ಟಿದ್ದೆವು.

ಹೊತ್ತಿಗೆ

ಮರುವಾರ ಗಾಯಕಿಯನ್ನು ಕರೆದುಕೊಂಡು ಆ ಊರಿಗೆ ಹೋದೆ. ಕವಿ 1970ರ ದಶಕದಲ್ಲಿ ತೀರಿಕೊಂಡಿದ್ದರು. ಮಗ ಇದ್ದರು, ಎಪ್ಪತ್ತರ ಆಸುಪಾಸಿನವರು. ಜೋಳದ ಚೀಲಗಳ ಹಿಂದಿನ ಮಾಡದಿಂದ ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ಹೊತ್ತಿಗೆಯನ್ನು ತೆಗೆದು, ಕಣ್ಣಿಗೊತ್ತಿಕೊಂಡು, ನಮ್ಮ ಮುಂದೆ ಬಿಚ್ಚಿದರು. ಉದ್ದನೆಯ ಲೆಕ್ಕದ ವಹಿಯಲ್ಲಿ ಶಾಯಿಯಿಂದ ಬರೆದ ಪದಗಳು. ಅದರೊಳಗೆ ಮಡಚಿಟ್ಟ ಎಂಟು ಪುಟದ ಒಂದು ಅಚ್ಚಿನ ಪುಸ್ತಿಕೆಯೂ ಇತ್ತು, ಜಾತ್ರೆಗಳಲ್ಲಿ ಆಣೆ ಲೆಕ್ಕದಲ್ಲಿ ಮಾರುತ್ತಿದ್ದಂಥದು. ಬರದ ಪದ ಎರಡರಲ್ಲಿಯೂ ಇತ್ತು.

ಹೊತ್ತಿಗೆಯಲ್ಲಿ ಹದಿನಾಲ್ಕು ನುಡಿಗಳಿದ್ದವು. ನಮ್ಮ ಗಾಯಕಿ ಹಾಡುತ್ತಿದ್ದುದೂ ಹದಿನಾಲ್ಕೇ, ಆದರೆ ಅವುಗಳಲ್ಲಿ ಹೊತ್ತಿಗೆಯವು ಹನ್ನೊಂದು ಮಾತ್ರ. ಉಳಿದ ಮೂರು ನುಡಿಗಳು, ಸೊಸೆ ಹೊಳೆದಂಡೆಯಲ್ಲಿ ಒಬ್ಬಳೇ ರಾತ್ರಿ ಕಳೆಯುವ ಭಾಗ, ಎಲ್ಲಿಂದ ಬಂದವೆಂದು ಕೇಳಿದಾಗ ಗಾಯಕಿ ನಾಚಿಕೆಯಿಂದ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಗುರುಗಳು ಕಲಿಸಿದಾಗ ಆ ಜಾಗದಲ್ಲಿ ಕಥೆ ಜಿಗಿಯುತ್ತಿತ್ತು, ಒಮ್ಮೆ ಕಟ್ಟೆಯ ಮೇಲೆ ನಿಂತಾಗ ತಾನಾಗಿ ಬಾಯಿಗೆ ಬಂದವು, ಆಮೇಲೆ ಹಾಗೆಯೇ ಉಳಿದವು ಎಂದರು. ಕವಿಯ ಮಗ ಆ ಮೂರು ನುಡಿಗಳನ್ನು ಇನ್ನೊಮ್ಮೆ ಹಾಡಿಸಿದರು. ಕೇಳಿ ಮುಗಿದ ಮೇಲೆ, “ಅಪ್ಪಾರಿಗಿ ಇದು ಹೊಳದಿರಲಿಲ್ಲ ನೋಡ್ರಿ ತಂಗೀ” ಎಂದರು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅದಕ್ಕಿಂತ ಒಳ್ಳೆಯ ವಿಮರ್ಶೆ ಬರಲಿಲ್ಲ.

ಅಲ್ಲಿಗೆ ‘ಸಾಂಪ್ರದಾಯಿಕ’ ಮತ್ತು ‘ಸ್ವರಚಿತ’ ಎಂಬ ಎರಡು ಪೆಟ್ಟಿಗೆಗಳೂ ಮುರಿದುಬಿದ್ದವು. ಮಟ್ಟು ಪರಂಪರೆಯದು, ಹನ್ನೊಂದು ನುಡಿ ಗೊತ್ತಿರುವ ಒಬ್ಬ ಕವಿಯದು, ಮೂರು ನುಡಿ ಹಾಡುವವರದು.

ಮನೆಗೆ ಬಂದ ಮೇಲೆ ಅನುಮಾನದಿಂದ ಗಾಯಕಿಯ ನಾಲ್ಕು ಸ್ವಂತ ಪದಗಳನ್ನೂ ಮತ್ತೆ ಓದಿದೆ. ಮೂರರ ಕೊನೆಯ ನುಡಿಯಲ್ಲಿ ಅವರ ಗುರುವಿನ ಅಂಕಿತವಿತ್ತು. ಶಿಷ್ಯರು ಗುರುವಿನ ಹೆಸರಿನಲ್ಲಿ ಪದ ಮುಗಿಸುವುದು ಮೇಳದಲ್ಲಿ ಮರ್ಯಾದೆಯ ರೂಢಿ. ಆದರೆ ಮೂವತ್ತು ವರ್ಷಗಳ ಮೇಲೆ ಈ ಧ್ವನಿಮುದ್ರಣವನ್ನು ಕೇಳುವ ಒಬ್ಬ ಸಂಶೋಧಕ, ನಾವು ಕಲಿತ ರೀತಿಯಲ್ಲಿಯೇ ಅಂಕಿತವನ್ನು ನಂಬಿದರೆ, ಮುಳುಗಡೆಯ ಪದವನ್ನು ಗುರುವಿನ ಹೆಸರಿಗೆ ಬರೆಯುತ್ತಾನೆ. ಒಂದು ಕಡೆ ಅಂಕಿತವನ್ನು ಕತ್ತರಿಸಿದ್ದರಿಂದ ಕವಿ ಮರೆಯಾಗಿದ್ದರು, ಇನ್ನೊಂದು ಕಡೆ ಅಂಕಿತ ಇದ್ದುದರಿಂದಲೇ ಕವಯಿತ್ರಿ ಮರೆಯಾಗಿದ್ದರು. ಕೊನೆಯ ನುಡಿಯನ್ನು ಉಳಿಸಿಕೊಳ್ಳುವುದು ಮಾತ್ರ ಸಾಲದು, ಅದರ ಪಕ್ಕದಲ್ಲಿ ಯಾರು ಕಟ್ಟಿದ್ದು, ಯಾರು ಹಾಡಿದ್ದು ಎಂದು ಬರೆದಿಟ್ಟ ಒಂದು ದಾಖಲೆ ಹಾಳೆಯೂ ಇರಬೇಕು ಎಂಬುದು ಆಗ ಹೊಳೆಯಿತು.

ಒಪ್ಪಂದ

ಕಾನೂನಿನ ಭಾಗವನ್ನು ಚುಟುಕಾಗಿ ಹೇಳುತ್ತೇನೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಸಾಹಿತ್ಯದ ಹಕ್ಕು ವಾರಸುದಾರರಲ್ಲಿರುತ್ತದೆ. ಬರದ ಪದಕ್ಕೆ ಆ ಅವಧಿ ಇನ್ನೂ ಮುಗಿದಿರಲಿಲ್ಲ. ಹಲಗಲಿ, ರಾಯಣ್ಣರ ಲಾವಣಿಗಳಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿ 50 ವರ್ಷಗಳ ಕಾಲ ಇರುತ್ತದೆ, ಮತ್ತು ತಮ್ಮ ಪ್ರದರ್ಶನದ ಜೊತೆಗೆ ತಮ್ಮ ಹೆಸರನ್ನು ಹಾಕಬೇಕೆಂದು ಕೇಳುವ ಹಕ್ಕನ್ನು 2012ರ ತಿದ್ದುಪಡಿ ಅವರಿಗೆ ಕೊಟ್ಟಿದೆ.

ಸಂಗೀತ ಸಂಸ್ಥೆಯ ಕರಾರುಪತ್ರದಲ್ಲಿ ಒಂದು ಇಡಿಗಂಟನ್ನು ಕೊಟ್ಟು ಒಂಬತ್ತೂ ಹಾಡುಗಳ ಎಲ್ಲ ಹಕ್ಕುಗಳನ್ನು ಶಾಶ್ವತವಾಗಿ, ಜಗತ್ತಿನಾದ್ಯಂತ ತೆಗೆದುಕೊಳ್ಳುವ ಮಾತಿತ್ತು. ಗಾಯಕಿಗೆ ಮಗಳ ಮದುವೆಯ ಸಾಲವಿತ್ತು, ಆ ಹಣ ನಿಜಕ್ಕೂ ದೊಡ್ಡದಾಗಿತ್ತು. ಬೇಡವೆನ್ನಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಅಧಿಕಾರವಂತೂ ಇರಲಿಲ್ಲ. ನಾನು ಮಾಡಿದ್ದಿಷ್ಟೇ: ಕರಾರನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ, ಮುಂದೆ ಜಾತ್ರೆಯಲ್ಲಿ ಇದೇ ಪದವನ್ನು ಹಾಡಿದ್ದು ಬೇರೆಯವರ ಮೊಬೈಲಿನಿಂದ ಯೂಟ್ಯೂಬಿಗೆ ಹೋದರೆ ಅದನ್ನು ತೆಗೆಸುವ ಅಧಿಕಾರವೂ ಸಂಸ್ಥೆಗೆ ಇರಬಹುದು ಎಂಬುದನ್ನು ತಿಳಿಸಿದೆ. ಅವರು ಎರಡು ದಿನ ಸಮಯ ಕೇಳಿದರು. ಮೂರನೆಯ ದಿನ ಬಂದು, ಹಳೆಯ ಪದಗಳ ಧ್ವನಿಮುದ್ರಣವನ್ನು ಬೇಕಾದರೆ ಕೊಡುತ್ತೇನೆ, ಆದರೆ ತಾವು ಕಟ್ಟಿದ್ದನ್ನೂ ಇನ್ನೊಬ್ಬರ ಹೊತ್ತಿಗೆಯದನ್ನೂ ಮಾರುವುದಿಲ್ಲ ಎಂದರು. ಸಂಸ್ಥೆ ಹಿಂದೆ ಸರಿಯಿತು. ಅವರ ವ್ಯಾಪಾರದ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆಮೇಲೆ ಪರಿಚಯದ ಹದಿನೇಳು ಜನರಿಂದ ಕೈಗಡ ತೆಗೆದುಕೊಂಡು ಕೆಲಸ ಮುಗಿಸಿದೆವು. ಕವಿಯ ಮಗ ಹಣ ಬೇಡವೆಂದರೂ, ಮುಂದೆ ಮೊಮ್ಮಕ್ಕಳ ಕಾಲಕ್ಕೆ ತಕರಾರು ಬಾರದಿರಲೆಂದು ಒಂದು ಪುಟದ ಕನ್ನಡ ಒಪ್ಪಂದ ಮಾಡಿ, ಬರದ ಪದದ ಸಾಹಿತ್ಯದ ಪಾಲಿನಲ್ಲಿ ಮೂರರಲ್ಲಿ ಎರಡು ಭಾಗವನ್ನು ಆ ಕುಟುಂಬಕ್ಕೆ ಬರೆದೆವು. ಅವರದು ಒಂದೇ ಷರತ್ತು: ಕೊನೆಯ ನುಡಿಯನ್ನು ಯಾವ ಪ್ರತಿಯಲ್ಲಿಯೂ ಬಿಡಬಾರದು. ಏಳು ನಿಮಿಷದ ಗಡಿಯೂ ಸಂಸ್ಥೆಯ ಜೊತೆಗೇ ಹೊರಟುಹೋಗಿದ್ದರಿಂದ ನಾಲ್ಕೂ ಪದಗಳಿಗೆ ಕೊನೆಯ ನುಡಿಗಳನ್ನು ಸೇರಿಸಿ ಮತ್ತೆ ಮುದ್ರಿಸಿದೆವು. ಬರದ ಪದ ಹತ್ತೊಂಬತ್ತು ನಿಮಿಷಕ್ಕೆ ಮುಗಿಯಿತು.

ಹಾಡುಗಳ ಅನುಕ್ರಮವನ್ನು ಗಾಯಕಿಯೇ ನಿರ್ಧರಿಸಿದರು. ಕಟ್ಟೆಯ ಮೇಲೆ ಹಳತು ಹೊಸತೆಂದು ಗುಂಪು ಮಾಡಿ ಯಾರೂ ಹಾಡುವುದಿಲ್ಲ. ಅವರು ‘ಕೆರೆಗೆ ಹಾರ’ದ ಬೆನ್ನಿಗೆ ಮುಳುಗಡೆಯ ಪದವನ್ನು ಇಟ್ಟರು. ಊರಿನ ಕೆರೆಗೆ ನೀರು ಬರಲೆಂದು ಆಹುತಿಯಾದ ಭಾಗೀರಥಿಯ ಕಥೆ ಮುಗಿದ ಕೂಡಲೇ, ನೀರು ಬಂದು ಊರನ್ನೇ ತೆಗೆದುಕೊಂಡ ಪದ ಶುರುವಾಗುತ್ತದೆ. ಬೇರೆ ಬೇರೆ ಗುಂಪಾಗಿದ್ದರೆ ಇವೆರಡೂ ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಆಮೇಲೆ

ಹಣದ ಲೆಕ್ಕದಲ್ಲಿ ಇದನ್ನು ಯಶಸ್ಸೆನ್ನಲಾಗದು. ಮೊದಲ ವರ್ಷ ಸ್ಟ್ರೀಮಿಂಗಿನಿಂದ ಬಂದದ್ದು ಸ್ಟುಡಿಯೋದ ಒಂದು ದಿನದ ಬಾಡಿಗೆಗೂ ಸಾಲಲಿಲ್ಲ. ಜಾತ್ರೆಗಳಲ್ಲಿ ಮೇಳದವರೇ ಮಾರಿದ ಪೆನ್‌ಡ್ರೈವುಗಳಿಂದ ಕೈಗಡದ ಬಹುಪಾಲು ತೀರಿತು. ರಾಯಣ್ಣನ ಲಾವಣಿಯ ಮೇಲೆ ಯೂಟ್ಯೂಬಿನಲ್ಲಿ ಯಾರೋ ತಮ್ಮ ಹಕ್ಕಿನ ಹಾಡೆಂದು ಯಂತ್ರದ ಮೂಲಕ ತಕರಾರು ಹಾಕಿದರು. ಪರಂಪರೆಯ ಪದ, ನಮ್ಮದೇ ಧ್ವನಿಮುದ್ರಣ ಎಂದು ಆಕ್ಷೇಪಣೆ ಸಲ್ಲಿಸಿದೆವು. ಉತ್ತರಿಸಲು ಅವರಿಗಿದ್ದ 30 ದಿನ ಕಳೆದ ಮೇಲೆ ತಕರಾರು ತಾನಾಗಿ ಬಿದ್ದುಹೋಯಿತು. ಯಾವ ದಿನ, ಎಲ್ಲಿ, ಯಾರು ಹಾಡಿದ್ದೆಂಬ ದಾಖಲೆ ಹಾಳೆ ಕೈಯಲ್ಲಿದ್ದುದು ಆಗ ಕೆಲಸಕ್ಕೆ ಬಂತು.

ಈಗ ಇಂಥ ಕೆಲಸಕ್ಕೆ ಯಾರಾದರೂ ಕರೆದರೆ ಮೊದಲು ಮಾಡುವುದು ಇಷ್ಟು: ಪೆನ್ಸಿಲ್ಲನ್ನು ಜೇಬಿನಲ್ಲಿಟ್ಟು, ಪ್ರತಿ ಪದವನ್ನೂ ಪೂರ್ತಿಯಾಗಿ ಒಮ್ಮೆ ಹಾಡಿಸಿ ಮುದ್ರಿಸಿಕೊಳ್ಳುತ್ತೇನೆ. ಯಾರಿಂದ ಕಲಿತಿರಿ, ಎಲ್ಲಿ ಬದಲಿಸಿದಿರಿ ಎಂಬ ಎರಡು ಪ್ರಶ್ನೆಗಳನ್ನು ಗಾಯಕರಿಗಷ್ಟೇ ಕೇಳದೆ ಹಿಮ್ಮೇಳದವರಿಗೂ ಕೇಳುತ್ತೇನೆ. ಹಿಮ್ಮೇಳದವರು ಕೇಳದೆ ಹೇಳುವವರಲ್ಲ.

ಒಂದು ವಿಷಯ ಬಾಕಿ ಉಳಿದಿತ್ತು. ತಮ್ಮ ಪದಗಳಲ್ಲಿ ಗುರುವಿನ ಹೆಸರನ್ನು ತೆಗೆಯಲು ಗಾಯಕಿ ಒಪ್ಪಲಿಲ್ಲ, ತಮ್ಮ ಹೆಸರನ್ನು ಸೇರಿಸಲೂ ಒಪ್ಪಲಿಲ್ಲ. ಕಟ್ಟಿದವರ ಹೆಸರು ಹಾಳೆಯಲ್ಲಿ ಮಾತ್ರ ಇರಲಿ ಎಂದರು. ಆದರೆ ಮುಳುಗಡೆಯ ಪದದ ಕೊನೆಯ ನುಡಿಯಲ್ಲಿ ಒಂದು ಊರಿನ ಹೆಸರು ಬರಲೇಬೇಕು. ಅವರ ತವರು ಮನೆಯವರು ಈಗಿರುವ ಪುನರ್ವಸತಿ ಕೇಂದ್ರಕ್ಕೆ ಸರಕಾರದ ಕಾಗದದಲ್ಲಿ ಹೆಸರಿನ ಜೊತೆಗೆ ಒಂದು ಸಂಖ್ಯೆ ಇದೆ. ಹಿನ್ನೀರು ಅಣೆಕಟ್ಟಿನ ತುಂಬಿದ ಮಟ್ಟವಾದ 519.60 ಮೀಟರಿಗೆ ಬಂದು ನಿಂತಾಗ ಹಳೆಯ ಊರಿನಲ್ಲಿ ಗುಡಿಯ ಶಿಖರವೊಂದೇ ಕಾಣುತ್ತದೆ. ಮುದ್ರಣದ ದಿನ ಯಾವ ಹೆಸರು ಹಾಡುತ್ತಾರೆಂದು ನಾವು ಯಾರೂ ಕೇಳಿರಲಿಲ್ಲ. ಅವರು ದಪ್ಪನ್ನು ಕಾಯಿಸಿಕೊಂಡು ಬಂದು ಕೂತು, ಮೊದಲ ಸಲಕ್ಕೇ, ಮುಳುಗಿದ ಊರಿನ ಹೆಸರನ್ನು ಹಾಡಿದರು.